ಹೆಬ್ಬೆಟ್ಟಿನ ಮುನ್ನ, ಹೆಬ್ಬೆಟ್ಟಿನ ಅನಂತರ

2025ರ ಮಾರ್ಚ್ ತಿಂಗಳಲ್ಲಿ ನೆರೆಯ ಬೆಳಗಾವಿಯಿಂದ ಬಂದ ಸುದ್ದಿಯೊಂದು ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. ಅಲ್ಲಿಯ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮಕ್ಕಳೇ ತಂದು ಬಿಟ್ಟುಹೋದ ವೃದ್ಧರ ಪ್ರಕರಣಗಳು 150ಕ್ಕೂ ಮಿಕ್ಕಿವೆಯೆಂದು ವೈದ್ಯಕೀಯ ಶಿಕ್ಷಣ ಸಚಿವರಿಗೆ ತಿಳಿಸಲಾಯಿತು. ಅಂತಹ ಮಕ್ಕಳ ಹೆಸರಿಗೆ ಆದ ಆಸ್ತಿ ವರ್ಗಾವಣೆಯನ್ನು ರದ್ದುಪಡಿಸಲು ಕ್ರಮ ಜರುಗಿಸಬೇಕೆಂದು ಸಚಿವ ಶರಣಪ್ರಕಾಶ ಪಾಟೀಲರು ಸೂಚಿಸಿದರು. ಸುದ್ದಿಯನ್ನು ಓದಿದವರೆಲ್ಲ ‘ಕಾಲ ಕೆಟ್ಟಿತು’ ಎಂದು ನಿಟ್ಟುಸಿರುಬಿಟ್ಟರು. ಕಾಲವನ್ನು ದೂರುವುದು ಸುಲಭ. ಆದರೆ ಆಸ್ಪತ್ರೆಯ ಬಾಗಿಲು ಈ ದಾರಿಯ ಕೊನೆಯ ಮೆಟ್ಟಿಲು; ಮೊದಲನೆಯದು ನಮ್ಮ ಪಡಸಾಲೆಯಲ್ಲಿಯೇ ಇದೆ.

ಹಿರಿಯರ ಮೇಲಿನ ದೌರ್ಜನ್ಯವೆಂದೊಡನೆ ಕೈಯೆತ್ತಿ ಹೊಡೆಯುವ ಮಗನ ಚಿತ್ರ ಕಣ್ಣಮುಂದೆ ಬರುತ್ತದೆ. ಅಂತಹವರೂ ಇದ್ದಾರೆ. ಆದರೆ ನವಲಗುಂದ, ಅಣ್ಣಿಗೇರಿಯ ಯರಿ ನಾಡಿನಲ್ಲಾಗಲಿ, ಕುಂದಗೋಳ, ಕಲಘಟಗಿಯ ಹಳ್ಳಿಗಳಲ್ಲಾಗಲಿ ಹೆಚ್ಚಾಗಿ ಕಾಣುವುದು ಸದ್ದಿಲ್ಲದ ಬಗೆ. ಹಲ್ಲಿಲ್ಲದ ತಾಯಿಯ ತಾಟಿಗೆ ದಿನವೂ ಕಡಕ್ ರೊಟ್ಟಿಯನ್ನೇ ಹಾಕುವುದು, ಮೆತ್ತಗಿನ ನುಚ್ಚು ಒಲೆಯ ಮೇಲಿದ್ದರೂ ಬಡಿಸದಿರುವುದು. ರಾತ್ರಿ ಎಬ್ಬಿಸಿ ಹೊರಗೆ ಕರೆದೊಯ್ಯಬೇಕಾದೀತೆಂದು ಸಂಜೆಯಿಂದಲೇ ನೀರು ಕೊಡದಿರುವುದು. ಒಡೆದ ಚಾಳೀಸನ್ನು ವರ್ಷಗಟ್ಟಲೆ ದುರಸ್ತಿ ಮಾಡಿಸದಿರುವುದು. ನೆಂಟರು ಬಂದಾಗ ಅಜ್ಜನ ಹಾಸಿಗೆಯನ್ನು ಹಿತ್ತಲಿಗೆ ಸರಿಸಿ, ನೆಂಟರು ಹೋದ ಮೇಲೆಯೂ ಒಳಗೆ ತಾರದಿರುವುದು. ಇವುಗಳಲ್ಲಿ ಒಂದೊಂದನ್ನೂ ಪ್ರತ್ಯೇಕವಾಗಿ ಕೇಳಿದರೆ ಕ್ಷುಲ್ಲಕವೆನಿಸುತ್ತದೆ. ಎಲ್ಲವೂ ಒಬ್ಬ ಜೀವದ ಮೇಲೆ ಕೂಡಿಬಿದ್ದಾಗ ಅದನ್ನು ಹಿಂಸೆಯೆನ್ನದೆ ಬೇರೆ ಏನೆನ್ನಬೇಕು?

ಸರದಿಯ ಪದ್ಧತಿಯನ್ನು ನೋಡಿರಿ. ವಾಟ್ನಿಯಾದ ಮೇಲೆ ತಾಯಿ ಒಂದು ತಿಂಗಳು ಹಿರಿಯ ಮಗನಲ್ಲಿ, ಒಂದು ತಿಂಗಳು ಕಿರಿಯನಲ್ಲಿ. ತಿಂಗಳಿಗೆ ಮೂವತ್ತೊಂದು ದಿನ ಬಂದಾಗ ಆ ಕೊನೆಯ ದಿನದ ಊಟ ಯಾರದೆಂದು ಜಗಳ! ಇನ್ನು ಕೆಲವೆಡೆ ತಂದೆ ಒಬ್ಬನ ಪಾಲಿಗೆ, ತಾಯಿ ಇನ್ನೊಬ್ಬನ ಪಾಲಿಗೆ. ಐವತ್ತು ವರ್ಷ ಕೂಡಿ ಬಾಳಿದವರನ್ನು ಜೋಡೆತ್ತು ಅಗಲಿಸಿದಂತೆ ಅಗಲಿಸಿ, ಅದನ್ನು ನ್ಯಾಯವಾದ ಹಂಚಿಕೆಯೆಂದು ಪಂಚರಿಂದ ಒಪ್ಪಿಸಿಕೊಳ್ಳುತ್ತೇವೆ.

ಇಲ್ಲಿ ಸೊಸೆಯೊಬ್ಬಳನ್ನೇ ದೂರುವ ರೂಢಿಯೂ ಸರಿಯಲ್ಲ. ಹಾಸಿಗೆ ಹಿಡಿದ ಅತ್ತೆಯ ಸೀರೆ ಬದಲಿಸುವವಳು ಅವಳು. ಹೊಲದ ಆಳು, ಕಸ, ನೀರು, ಮಕ್ಕಳ ಶಾಲೆ ಎಲ್ಲವೂ ಅವಳ ತಲೆಯ ಮೇಲೆಯೇ. ಅರಳುಮರಳಾದ ಹಿರಿಯರು ರಾತ್ರಿಯಿಡೀ ಎದ್ದು ಕೂಗುವಾಗ ಮಗನು ಕಟ್ಟೆಯ ಮೇಲೆ ಹೋಗಿ ಮಲಗಬಲ್ಲ, ಸೊಸೆಯು ಹೋಗಲಾರಳು. ಆ ಭಾರವನ್ನು ಗಂಡುಮಕ್ಕಳೂ ಹೊರದ ಮನೆಯಲ್ಲಿ ಸಿಡುಕು ಹುಟ್ಟುತ್ತದೆ, ಸಿಡುಕು ಕೈಗೆ ಇಳಿಯುತ್ತದೆ. ಅರಳುಮರಳು ಕೇವಲ ವಯಸ್ಸಿನ ಗುಣವಲ್ಲ, ಅದು ಬೇನೆಯೂ ಆಗಿರಬಹುದು, ವೈದ್ಯರಿಗೆ ತೋರಿಸಬೇಕು.

ಗುರುತಿಸುವುದು ಹೇಗೆ? ‘ಊಟ ಆಯಿತೇ?’ ಎಂದು ಕೇಳಿದರೆ ಯಾವ ತಾಯಿಯೂ ‘ಆಯಿತು’ ಎಂದೇ ಹೇಳುತ್ತಾಳೆ. ಮಗನ ಮರ್ಯಾದೆ ಅವಳಿಗೆ ತನ್ನ ಹಸಿವೆಗಿಂತ ದೊಡ್ಡದು. ಮನೆಯವರಿಲ್ಲದಾಗ ಬಳಿಯಲ್ಲಿ ಕುಳಿತು, “ಯವ್ವಾ, ಮುಂಜಾನೆ ಏನ್ ಉಂಡ್ರಿ? ನಿಮ್ಮ ಪಗಾರದ ಪಾಸ್‌ಬುಕ್ ಯಾರ ಕಡೆ ಐತಿ?” ಎಂದು ಕೇಳಬೇಕು. ಸಂಧ್ಯಾ ಸುರಕ್ಷಾ, ವಿಧವಾ ವೇತನದ ಹಣ ಬಂದ ದಿನ ಮಾತ್ರ ಅಜ್ಜಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗುವ ಮೊಮ್ಮಗನನ್ನು ಊರೇ ಬಲ್ಲದು. ರಟ್ಟೆಯ ಮೇಲೆ ಬೆರಳು ಒತ್ತಿದಂತಹ ಕಲೆ, ‘ಬಚ್ಚಲಲ್ಲಿ ಜಾರಿ ಬಿದ್ದರು’ ಎಂಬ ಒಂದೇ ಉತ್ತರ ಮತ್ತೆ ಮತ್ತೆ, ಬೆನ್ನಿನ ಹುಣ್ಣು, ಮಗ ಬಂದೊಡನೆ ಮಾತು ನಿಲ್ಲಿಸುವುದು: ಇವನ್ನು ಕಂಡವರು ಕಂಡಿಲ್ಲವೆಂಬಂತೆ ಎದ್ದುಹೋಗಬಾರದು.

ಈಗ ಕಾಗದಪತ್ರದ ಮಾತು. ನಾನು ಕಂಡಂತೆ ನಮ್ಮ ಭಾಗದಲ್ಲಿ ಹಿರಿಯರ ಮಾನವು ಉತಾರದಲ್ಲಿ ಅವರ ಹೆಸರು ಇರುವವರೆಗೆ ಒಂದು ಬಗೆ, ಹೆಬ್ಬೆಟ್ಟು ಬಿದ್ದ ಮರುದಿನದಿಂದ ಇನ್ನೊಂದು ಬಗೆ. 2007ರ ತಂದೆ-ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೆಯ ಕಲಮು ಇದನ್ನು ಕುರಿತೇ ಇದೆ. ಕಾಯ್ದೆ ಜಾರಿಯಾದ ಮೇಲೆ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವನು ಮಾತು ತಪ್ಪಿದರೆ, ಆ ಪತ್ರವನ್ನು ವಂಚನೆಯಿಂದ ಆದುದೆಂದು ಬಗೆದು ರದ್ದುಪಡಿಸಬಹುದು. ಆದರೆ ಷರತ್ತು ಇತ್ತೆಂದು ತೋರಿಸಬೇಕಾಗುತ್ತದೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬಳ ವ್ಯಾಜ್ಯದಲ್ಲಿ ಅದೇ ಕೋರ್ಟು ದಾನಪತ್ರವನ್ನು ರದ್ದುಪಡಿಸಿ ಆಸ್ತಿಯನ್ನು ತಾಯಿಗೆ ಮರಳಿಸಿತು. ನೋಡಿಕೊಳ್ಳುವೆನೆಂಬ ಮಗನ ಮಾತು ಅಲ್ಲಿ ಬರಹದಲ್ಲಿತ್ತು. ಆದುದರಿಂದ ಬಕ್ಷೀಸ್ ಪತ್ರ ಮಾಡುವವರು ಅನ್ನ, ಬಟ್ಟೆ, ಔಷಧ, ಇರಲು ಕೋಣೆ ಎಂಬುದನ್ನು ಪತ್ರದಲ್ಲಿಯೇ ಬರೆಯಿಸಬೇಕು. ಮೃತ್ಯುಪತ್ರವಾದರೆ ಇನ್ನೂ ಒಳಿತು. ಜೀವವಿರುವವರೆಗೆ ಅದನ್ನು ಬದಲಿಸಬಹುದು.

ನೊಂದವರು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು. ನಮ್ಮ ನಾಲ್ಕೂ ತಾಲೂಕಿನವರಿಗೆ ಅದು ಧಾರವಾಡದಲ್ಲಿ. ವಕೀಲರಿಲ್ಲದೆಯೂ ಸಾಗುತ್ತದೆ. ನಡೆಯಲಾರದವರ ಪರವಾಗಿ ಅವರು ಒಪ್ಪಿದ ಯಾರಾದರೂ ಕೊಡಬಹುದು. ನೋಟೀಸಾದ 90 ದಿನಗಳಲ್ಲಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಕಾಯ್ದೆಯಲ್ಲಿ ಹೇಳಿದ ಪೋಷಣೆಯ ಮಿತಿ ತಿಂಗಳಿಗೆ 10,000 ರೂಪಾಯಿ. ಮಕ್ಕಳಿಲ್ಲದವರಿಗೆ ಅವರ ಆಸ್ತಿಗೆ ವಾರಸುದಾರನಾಗುವ ಬಂಧುವೇ ಹೊಣೆ. ಹಿರಿಯರನ್ನು ತೊರೆದು ಹೋದವರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿಯವರೆಗೆ ದಂಡ ಅಥವಾ ಎರಡೂ ಉಂಟು. ದೂರವಾಣಿಯಲ್ಲಿ ಕೇಳುವವರಿಗೆ ಹಿರಿಯರ ಸಹಾಯವಾಣಿ 14567. ಹೊಡೆತ-ಬಡಿತದ ಅಪಾಯ ಆ ಗಳಿಗೆಯಲ್ಲಿಯೇ ಇದ್ದರೆ 112.

ಊರ ಹಿರಿಯರು ರಾಜಿ ಮಾಡಿಸುವುದಾದರೆ ಮಾಡಿಸಲಿ. ಆದರೆ ‘ಇನ್ನು ಮೇಲೆ ಚೆನ್ನಾಗಿ ನೋಡಿಕೊಳ್ಳುತ್ತಾನೆ’ ಎಂಬ ಬಾಯಿಮಾತಿಗೆ ಕೈಮುಗಿದು ಏಳಬಾರದು. ಏನು ಕೊಡುವನು, ಯಾವ ದಿನ ಕೊಡುವನು ಎಂಬುದು ಕಾಗದದಲ್ಲಿ ಬರಲಿ, ಎರಡು ತಿಂಗಳ ಮೇಲೆ ಒಬ್ಬರು ಹೋಗಿ ತಾಯಿಯನ್ನೇ ಕೇಳಲಿ.

ವಿಧವೆಯರ ವಿಷಯವೊಂದು ಉಳಿಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ವೀರಶೈವ ಲಿಂಗಾಯತರಿಗೂ ಅನ್ವಯಿಸುತ್ತದೆ. ಗಂಡನು ಮೃತ್ಯುಪತ್ರ ಬರೆಯದೆ ತೀರಿಹೋದರೆ ಅವನ ಪಾಲಿನಲ್ಲಿ ಹೆಂಡತಿಗೆ ಗಂಡುಮಕ್ಕಳಷ್ಟೇ, ಹೆಣ್ಣುಮಕ್ಕಳಷ್ಟೇ ಹಕ್ಕುಂಟು. ಆದರೂ ವಾರಸಾ ಮಾಡಿಸುವಾಗ ‘ಅವ್ವಾ, ಇಲ್ಲೊಂದು ಒತ್ತು’ ಎಂದು ಹಕ್ಕುಬಿಡುಗಡೆಗೆ ಹೆಬ್ಬೆಟ್ಟು ತೆಗೆದುಕೊಳ್ಳುವುದು ವಾಡಿಕೆಯಾಗಿಬಿಟ್ಟಿದೆ. ಅಂದು ಸಾಕ್ಷಿ ಹಾಕಲು ಕರೆದೊಯ್ದ ನೆರೆಯವರು ರುಜು ಮಾಡುವ ಮೊದಲು ಆ ಪತ್ರವನ್ನು ತಾಯಿಗೆ ಕೇಳಿಸುವಂತೆ ಒಮ್ಮೆ ಗಟ್ಟಿಯಾಗಿ ಓದಿಸಿದರೆ ಸಾಕು. ಒತ್ತಬೇಕೋ ಬೇಡವೋ ಎಂಬುದನ್ನು ಅವಳೇ ಹೇಳುತ್ತಾಳೆ.