ತರಗೆಲೆ ಗೊಬ್ಬರವಾಗುವ ಬಗೆ

ಮಲೆನಾಡಿನ ಕಾಡುಗಳಲ್ಲಿ ಬೇಸಿಗೆಗೆ ಮುನ್ನ ಉದುರಿದ ತರಗೆಲೆ ಮಳೆಗಾಲದಲ್ಲಿ ನೆನೆದು ಕರಗತೊಡಗುವುದು ಮುಖ್ಯವಾಗಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಆಹಾರಸೇವನೆಯ ಫಲ. ಬಾಯಿಯಾಗಲಿ ಜಠರವಾಗಲಿ ಇಲ್ಲದ ಈ ಜೀವಿಗಳು ಕಿಣ್ವಗಳನ್ನು, ಎಂದರೆ ರಾಸಾಯನಿಕ ಕ್ರಿಯೆಗಳನ್ನು ತ್ವರಿತಗೊಳಿಸುವ ಪ್ರೋಟೀನುಗಳನ್ನು, ದೇಹದ ಹೊರಗೆ ಸ್ರವಿಸಿ, ದೊಡ್ಡ ಅಣುಗಳನ್ನು ಅಲ್ಲಿಯೇ ಒಡೆದು, ನೀರಿನಲ್ಲಿ ಕರಗಿದ ಸಕ್ಕರೆ ಮತ್ತು ಅಮೈನೋ ಆಮ್ಲಗಳನ್ನು ಹೀರಿಕೊಳ್ಳುತ್ತವೆ. ಆದ್ದರಿಂದಲೇ ತೇವವಿಲ್ಲದೆಡೆ ಕೊಳೆಯುವಿಕೆ ಬಹುಮಟ್ಟಿಗೆ ನಿಂತುಹೋಗುತ್ತದೆ.

ಸಕ್ಕರೆ, ಪಿಷ್ಟಗಳು ಬೇಗ ಮುಗಿಯುತ್ತವೆ. ನಿಜವಾದ ಕಷ್ಟ ಮರಕ್ಕೆ ಗಡಸುತನ ನೀಡುವ ಲಿಗ್ನಿನ್‌ನದು: ಅದರ ಅಣುರಚನೆ ಕ್ರಮವಿಲ್ಲದೆ ಹೆಣೆದುಕೊಂಡಿರುವುದರಿಂದ ಸಾಮಾನ್ಯ ಕಿಣ್ವಗಳಿಗೆ ಅಲ್ಲಿ ಹಿಡಿತ ಸಿಗದು. ಕೊಳೆತ ಮರವನ್ನು ಬೆಳ್ಳಗಾಗಿಸುವ ಕೆಲವು ಶಿಲೀಂಧ್ರಗಳು ಪೆರಾಕ್ಸಿಡೇಸ್ ಎಂಬ ಕಿಣ್ವಗಳ ನೆರವಿನಿಂದ ಅದನ್ನು ಉತ್ಕರ್ಷಿಸಿ ಒಡೆಯುತ್ತವೆಂಬುದು, ಲಿಗ್ನಿನ್ ಪೆರಾಕ್ಸಿಡೇಸ್ 1983ರಲ್ಲಿ ಪತ್ತೆಯಾದ ಮೇಲೆ, ಸ್ಪಷ್ಟವಾಯಿತು. ಕಾಡಿನ ಬದುಕಿಗೆ ಇಷ್ಟು ಅಗತ್ಯವಾದ ಈ ಜೀವಿಗಳನ್ನು ಬರಿಯ ಬೂಷ್ಟೆಂದು ಕಡೆಗಣಿಸುವುದು ಸರಿಯಲ್ಲ.

ಒಣ ಎಲೆಯಲ್ಲಿ ಇಂಗಾಲ ಹೇರಳ, ಸಾರಜನಕ ವಿರಳ. ಕೊರತೆಯನ್ನು ಸೂಕ್ಷ್ಮಜೀವಿಗಳು ಮಣ್ಣಿನಿಂದಲೇ ತುಂಬಿಕೊಳ್ಳುವುದರಿಂದ, ಕೊಳೆಯದ ತರಗನ್ನು ಮಣ್ಣಿಗೆ ಬೆರೆಸಿದಾಗ ಬೆಳೆಗೆ ಕೆಲಕಾಲ ಸಾರಜನಕ ಸಾಲದಾಗಬಹುದು. ಅಡಿಕೆ ಬೆಳೆಗಾರರು ಸೊಪ್ಪು, ತರಗನ್ನು ಮೊದಲು ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲದೊಡನೆ ಗೊಬ್ಬರಗುಂಡಿಗೆ ಸೇರಿಸುವ ಪದ್ಧತಿಯಲ್ಲಿ ಆ ಕೊರತೆಯನ್ನು ಗಂಜಲದ ಸಾರಜನಕವೇ ಬಹುಪಾಲು ನೀಗಿಸುತ್ತದೆ.