ಮೊದಲ ದೀಪ ಯಾರ ಮನೆಗೆ?

ಜೋಗುಪಾಳ್ಯದ ಓಣಿಗಳಲ್ಲಿ ಮುಸ್ಸಂಜೆ ಹೊತ್ತಿಗೆ ಕರೆಂಟು ಹೋದರೆ ಹುಡುಗರೆಲ್ಲ ಒಟ್ಟಾಗಿ ‘ಹೋ’ ಎಂದು ಕೂಗುತ್ತಾರೆ. ಬಂದಾಗಲೂ ಅದೇ ಕೂಗು. ಕನ್ನಡ, ತಮಿಳು, ತೆಲುಗು, ಉರ್ದು ಬೆರೆತು ಹೋಗಿರುವ ಹಲಸೂರು ಸೀಮೆಯಲ್ಲಿ ಈ ಒಂದು ಕೂಗಿಗೆ ಮಾತ್ರ ಭಾಷೆಯ ಹಂಗಿಲ್ಲ. ಕರೆಂಟು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮಕ್ಕಳು ಬೀದಿಯ ತುದಿಯ ಟ್ರಾನ್ಸ್‌ಫಾರ್ಮರನ್ನು ತೋರಿಸುತ್ತಾರೆ. ದೊಡ್ಡವರು ಶಿವನಸಮುದ್ರ ಎನ್ನುತ್ತಾರೆ. ಎರಡೂ ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಆದರೆ ಈ ಕರೆಂಟು ಮೊದಲು ಯಾರ ಮನೆಗೆ ಬಂತು ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯ ಬೆನ್ನು ಹತ್ತಿದರೆ ದಾರಿ ಕೋಲಾರಕ್ಕೆ ಹೋಗುತ್ತದೆ; ಅಲ್ಲಿಂದ ಮುಂದೆ, ಆಶ್ಚರ್ಯವೆನಿಸಿದರೂ, ಆಫ್ರಿಕಾದ ಘಾನಾ ದೇಶದವರೆಗೂ ಹೋಗುತ್ತದೆ.

ಮೈಸೂರು ಸಂಸ್ಥಾನದ ದಿವಾನರಾಗಿ 1883ರಿಂದ 1901ರವರೆಗೆ ಇದ್ದವರು ಕೆ. ಶೇಷಾದ್ರಿ ಅಯ್ಯರ್. ಬೆಂಗಳೂರಿಗೆ ಹೆಸರಘಟ್ಟದಿಂದ ನೀರು ತರಿಸಿದ್ದೂ, ಹಿರಿಯೂರಿನ ಬಳಿ ಮಾರಿಕಣಿವೆಗೆ ಕಟ್ಟೆ ಹಾಕಿಸಲು ಆರಂಭಿಸಿದ್ದೂ ಅವರ ಕಾಲದಲ್ಲಿಯೇ. ಕಾವೇರಿ ಶಿವನಸಮುದ್ರದಲ್ಲಿ ಸುಮಾರು 400 ಅಡಿ ಕೆಳಗೆ ಇಳಿಯುವುದನ್ನು ನೋಡಿ ಕವಿಗಳು ಹಾಡಿದ್ದುಂಟು, ಯಾತ್ರಿಕರು ಕೈಮುಗಿದದ್ದುಂಟು. ಆ ಬೀಳುವ ನೀರಿನಿಂದ ವಿದ್ಯುತ್ ತೆಗೆಯಬಹುದೆಂಬ ಯೋಜನೆಯನ್ನು ಮುಂದಿಟ್ಟವರು ಕ್ಯಾಪ್ಟನ್ ಜೋಲಿ ಡಿ ಲಾಟ್‌ಬಿನಿಯೇರ್ ಎಂಬ ಎಂಜಿನಿಯರು. ಶೇಷಾದ್ರಿ ಅಯ್ಯರ್ ಅದಕ್ಕೆ ಸಂಸ್ಥಾನದ ಬೊಕ್ಕಸ ತೆರೆದರು.

ತೊಂದರೆ ಇದ್ದದ್ದು ದೂರದಲ್ಲಿ. ವಿದ್ಯುತ್ತನ್ನು ಕೊಳ್ಳಬಲ್ಲ ದೊಡ್ಡ ಗಿರಾಕಿ ಎಂದರೆ ಕೋಲಾರದ ಚಿನ್ನದ ಗಣಿ. ಅದು 147 ಕಿಲೋಮೀಟರ್ ಆಚೆ. ಅಮೆರಿಕದ ನಯಾಗರಾ ಜಲಪಾತದ ವಿದ್ಯುತ್ತು ಬಫೆಲೊ ನಗರಕ್ಕೆ ಹೋದದ್ದು 1896ರಲ್ಲಿ. ಆ ದೂರ 40 ಕಿಲೋಮೀಟರ್ ಆಸುಪಾಸು. ಅದರ ಮೂರೂವರೆ ಪಟ್ಟು ದೂರಕ್ಕೆ ತಂತಿ ಎಳೆಯುವುದು ಆಗಿನ ಮಟ್ಟಿಗೆ ದುಸ್ಸಾಹಸವೇ.

ಹೈಸ್ಕೂಲಿನ ಭೌತಶಾಸ್ತ್ರ ಇಲ್ಲಿ ನೆರವಿಗೆ ಬರುತ್ತದೆ. ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹ ಹೆಚ್ಚಿದಷ್ಟೂ ತಂತಿ ಬಿಸಿಯಾಗಿ ಶಕ್ತಿ ಸೋರುತ್ತದೆ. ಈ ಸೋರಿಕೆ ಪ್ರವಾಹದ ವರ್ಗಕ್ಕೆ ಅನುಗುಣ. ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜನ್ನು 10 ಪಟ್ಟು ಏರಿಸಿದರೆ, ಅಷ್ಟೇ ಶಕ್ತಿಯನ್ನು ಸಾಗಿಸಲು ಪ್ರವಾಹ ಹತ್ತರಲ್ಲೊಂದು ಭಾಗ ಸಾಕು. ಸೋರಿಕೆ ನೂರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಪರ್ಯಾಯ ವಿದ್ಯುತ್ತಿನ ಈ ಒಂದು ಗುಣವನ್ನು ನಂಬಿ ಕಂಬಗಳನ್ನು ನೆಟ್ಟರು. ಯಂತ್ರಗಳು ಹಡಗಿನಲ್ಲಿ ಅಮೆರಿಕ, ಯೂರೋಪುಗಳಿಂದ ಬಂದವು. ರೈಲಿನಿಂದಾಚೆಯ ದಾರಿಯಲ್ಲಿ ಎತ್ತು, ಆನೆಗಳು ಎಳೆದವು. 1902ರ ಜೂನ್ 30ರಂದು ಕೋಲಾರದ ಗಣಿಗೆ ವಿದ್ಯುತ್ ಹರಿಯಿತು.

ಏಷ್ಯಾದಲ್ಲಿಯೇ ಇದು ಮೊದಲ ಜಲವಿದ್ಯುತ್ತು ಎಂದು ಭಾಷಣಗಳಲ್ಲಿ ಹೇಳುವ ರೂಢಿಯಿದೆ. ಜಪಾನಿನ ಕ್ಯೋಟೋದಲ್ಲಿ 1891ರಲ್ಲಿಯೇ, ನಮ್ಮ ಡಾರ್ಜಿಲಿಂಗ್ ಬಳಿ 1897ರಲ್ಲಿಯೇ ನೀರಿನಿಂದ ವಿದ್ಯುತ್ ಬಂದಿತ್ತು. ಮೈಸೂರಿನ ಸಾಧನೆ ಇದ್ದದ್ದು ಆ ದೂರದಲ್ಲಿ. ಹೆಮ್ಮೆಗೆ ಅಷ್ಟು ಸಾಲದೇ?

ಆ ದಿನವನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. 1901ರಲ್ಲಿ ಅಧಿಕಾರದಿಂದ ನಿವೃತ್ತರಾದ ಅವರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು.

ಮೊದಲ ದೀಪ ಹತ್ತಿದ್ದು ಇಂಗ್ಲಿಷ್ ಕಂಪನಿಯ ಗಣಿಯಲ್ಲಿ. ಬೆಂಗಳೂರು ಪೇಟೆಯ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್‌ನಲ್ಲಿ. ಶಿವನಸಮುದ್ರದ ಸುತ್ತಲಿನ ಹಳ್ಳಿಗಳು ಮಾತ್ರ ತಲೆಯ ಮೇಲೆ ತಂತಿ ಹೋಗುವುದನ್ನು ನೋಡುತ್ತ ಹರಳೆಣ್ಣೆಯ ದೀಪದಲ್ಲೇ ದಶಕಗಳನ್ನು ಕಳೆದವು. ಇದನ್ನು ಅನ್ಯಾಯ ಎನ್ನಬೇಕೋ, ಲೆಕ್ಕಾಚಾರ ಎನ್ನಬೇಕೋ? ಗಣಿಯ ಹಣವಿಲ್ಲದಿದ್ದರೆ ಯೋಜನೆಯೇ ಇರುತ್ತಿರಲಿಲ್ಲ ಎನ್ನುವುದು ನಿಜ. ಕನ್ನಂಬಾಡಿ ಕಟ್ಟೆ ಕಟ್ಟಬೇಕೆಂದು ವಿಶ್ವೇಶ್ವರಯ್ಯನವರು ವಾದಿಸಿದಾಗಲೂ ಅವರ ಕೈಯಲ್ಲಿದ್ದ ಒಂದು ಬಲವಾದ ಕಾರಣ, ಬೇಸಗೆಯಲ್ಲಿ ಕಾವೇರಿ ಸೊರಗಿದಾಗ ಗಣಿಗೆ ವಿದ್ಯುತ್ ಕಡಿಮೆಯಾಗುತ್ತದೆ ಎಂಬುದು. 1911ರಲ್ಲಿ ಆರಂಭವಾದ ಆ ಕಟ್ಟೆ ಮುಂದೆ ಮಂಡ್ಯದ ಗದ್ದೆಗಳಿಗೆ ನೀರುಣಿಸಿತು. ಗಣಿಗೆಂದು ಬಂದದ್ದು ರೈತನಿಗೂ ದಕ್ಕಿತು, ತಡವಾಗಿ.

ನಾಲ್ಕು ತಿಂಗಳ ಅಂತರದ ಎರಡು ಹುಟ್ಟುಹಬ್ಬ

ಈಗ ಭೂಪಟವನ್ನು ಬಿಡಿಸಿ ಆಫ್ರಿಕಾದ ಪಶ್ಚಿಮ ಕರಾವಳಿಯನ್ನು ನೋಡಿ. ಬ್ರಿಟಿಷರು ಗೋಲ್ಡ್ ಕೋಸ್ಟ್, ಅಂದರೆ ಚಿನ್ನದ ತೀರ ಎಂದು ಕರೆದಿದ್ದ ನಾಡು 1957ರ ಮಾರ್ಚ್ 6ರಂದು ಘಾನಾ ಎಂಬ ಹೆಸರಿನಲ್ಲಿ ಸ್ವತಂತ್ರವಾಯಿತು. ಅದಕ್ಕೆ ನಾಲ್ಕು ತಿಂಗಳ ಮೊದಲು, 1956ರ ನವೆಂಬರ್ 1ರಂದು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡಿಗರು ಒಂದು ರಾಜ್ಯದಡಿ ಸೇರಿದ್ದರು. ಒಂದು ದೇಶ, ಇನ್ನೊಂದು ಒಂದು ದೇಶದೊಳಗಿನ ರಾಜ್ಯ, ಹೋಲಿಕೆಗೆ ಮಿತಿಯಿದೆ. ಆದರೂ ಎರಡು ಕಡೆಯ ಜಗಳ ಒಂದೇ ಅಚ್ಚಿನದು.

ಘಾನಾದಲ್ಲಿ ಕರಾವಳಿಯ ಜನ, ಒಳನಾಡಿನ ಅಶಾಂತಿ ಸೀಮೆಯವರು, ಬಡತನದ ಉತ್ತರದವರು, ಟೋಗೋಲ್ಯಾಂಡಿನಿಂದ ಬಂದು ಸೇರಿದವರು ಇದ್ದರು. ಕೋಕೋ ಬೆಳೆಯುವ ಅಶಾಂತಿಯವರಿಗೆ ಒಂದು ಸಿಟ್ಟು: ತಮ್ಮ ಕೋಕೋ ಮಾರಿದ ಹಣವನ್ನು ಸರ್ಕಾರ ಬೇರೆ ಕಡೆ ಸುರಿಯುತ್ತಿದೆ ಎಂದು. 1954ರಲ್ಲಿ ಅವರು ಚಳವಳಿಯನ್ನೇ ಕಟ್ಟಿ, ಒಂದೇ ಸರ್ಕಾರ ಬೇಡ, ಒಕ್ಕೂಟ ಬೇಕು ಎಂದು ಹಟ ಹಿಡಿದರು.

ಅದೇ ಹೊತ್ತಿನಲ್ಲಿ ಹಳೆ ಮೈಸೂರಿನಲ್ಲಿ ಕೇಳಿಬಂದದ್ದೇನು? ವಿದ್ಯುತ್ತು, ಕಾರ್ಖಾನೆ, ವಿಶ್ವವಿದ್ಯಾನಿಲಯ ಎಲ್ಲವನ್ನೂ ನಾವು ಕಟ್ಟಿಕೊಂಡಿದ್ದೇವೆ, ಹಿಂದುಳಿದ ಉತ್ತರದ ಜಿಲ್ಲೆಗಳು ಬಂದು ಸೇರಿದರೆ ನಮ್ಮ ಹಣವೆಲ್ಲ ಅಲ್ಲಿಗೆ ಹರಿಯುತ್ತದೆ ಎಂಬ ಅಳುಕು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಪಕ್ಷದವರಲ್ಲೇ ಅನೇಕರ ಮನಸ್ಸಿಗೆ ವಿರುದ್ಧವಾಗಿ ಏಕೀಕರಣದ ಪರ ನಿಂತರು. ರಾಜ್ಯ ಒಂದಾಗುವ ಹೊತ್ತಿಗೆ ಅವರು ಮುಖ್ಯಮಂತ್ರಿಯಾಗಿ ಉಳಿದಿರಲಿಲ್ಲ. 1956ರ ಆಗಸ್ಟಿನಲ್ಲಿಯೇ ಆ ಸ್ಥಾನ ಬಿಡಬೇಕಾಗಿ ಬಂದಿತ್ತು. ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ. ಕಾಸರಗೋಡು ಹೊರಗೇ ಉಳಿಯಿತು, ಅದು ಬೇರೆ ನೋವು.

ಒಂದೂರು ಎರಡಾಗಿರುವುದು ಏನೆಂದು ಹಲಸೂರಿನವರಿಗೆ ಇತರರಿಗಿಂತ ಚೆನ್ನಾಗಿ ಗೊತ್ತಿರಬೇಕು. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಮರಳಿಸಿದಾಗ ಕಂಟೋನ್ಮೆಂಟನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಪೇಟೆಗೆ ಒಂದು ಮುನಿಸಿಪಾಲಿಟಿ, ಇತ್ತ ಇನ್ನೊಂದು; ಅಲ್ಲಿ ಮಹಾರಾಜರ ಆಡಳಿತ, ಇಲ್ಲಿ ರೆಸಿಡೆಂಟರದು. 1947ರಲ್ಲಿ ಈ ಭಾಗ ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಸೇರಿ ಬೆಂಗಳೂರು ನಗರಪಾಲಿಕೆಯಾಯಿತು. ಕಡತದಲ್ಲಿ ಒಂದಾಗುವುದು ಒಂದು ದಿನದ ಕೆಲಸ. ‘ಸಿಟಿಗೆ ಹೋಗಿ ಬರುತ್ತೇನೆ’ ಎಂದು ದಂಡಿನ ಹಿರಿಯರು ಆಮೇಲೂ ಎಷ್ಟೋ ವರ್ಷ ಹೇಳುತ್ತಿದ್ದರು.

ಎನ್‌ಕ್ರುಮಾ ಕಟ್ಟಿದ ಕಟ್ಟೆ

ಘಾನಾದ ನಾಯಕ ಕ್ವಾಮೆ ಎನ್‌ಕ್ರುಮಾ ಅವರಿಗೆ ಜಗಳಕ್ಕೆ ಮದ್ದು ಕಂಡದ್ದು ವೋಲ್ಟಾ ನದಿಯಲ್ಲಿ. ಅಕೋಸೊಂಬೊ ಎಂಬಲ್ಲಿ ಅಣೆಕಟ್ಟೆ ಕಟ್ಟಬಹುದೆಂದು ಆಲ್ಬರ್ಟ್ ಕಿಟ್ಸನ್ ಎಂಬ ಭೂವಿಜ್ಞಾನಿ 1915ರಲ್ಲಿಯೇ ಕಂಡುಕೊಂಡಿದ್ದರು. ಎನ್‌ಕ್ರುಮಾ ಅದನ್ನು ಇಡೀ ದೇಶದ ಕನಸಾಗಿ ಮಾಡಿದರು. ಹಣ ಬೇಕಲ್ಲ? ವಿಶ್ವಬ್ಯಾಂಕ್, ಅಮೆರಿಕ, ಬ್ರಿಟನ್ ಸಾಲ ಕೊಡಬೇಕಾದರೆ ವಿದ್ಯುತ್ ಕೊಳ್ಳುವ ನೆಚ್ಚಿನ ಗಿರಾಕಿಯೊಬ್ಬ ಬೇಕಾಗಿತ್ತು. ಇಲ್ಲಿ ಕೋಲಾರದ ಗಣಿ ಇದ್ದ ಜಾಗದಲ್ಲಿ ಅಲ್ಲಿ ಬಂದದ್ದು ಅಮೆರಿಕದ ಕೈಸರ್ ಕಂಪನಿಯ ಅಲ್ಯೂಮಿನಿಯಂ ಕಾರ್ಖಾನೆ, ವಾಲ್ಕೊ.

ಅಲ್ಯೂಮಿನಿಯಂ ಎಂದರೆ ಹೆಪ್ಪುಗಟ್ಟಿದ ವಿದ್ಯುತ್ತು ಎಂದರೂ ಸಲ್ಲುತ್ತದೆ. ಒಂದು ಕಿಲೋ ಲೋಹವನ್ನು ಅದರ ಆಕ್ಸೈಡಿನಿಂದ ಬೇರ್ಪಡಿಸಲು ಸುಮಾರು 15 ಯೂನಿಟ್ ವಿದ್ಯುತ್ ಬೇಕು. 10 ವ್ಯಾಟಿನ ಎಲ್‌ಇಡಿ ಬಲ್ಬನ್ನು ದಿನಕ್ಕೆ 5 ಗಂಟೆ ಉರಿಸುವ ವಿದ್ಯಾರ್ಥಿಗೆ ಅಷ್ಟು ಯೂನಿಟ್ಟಿನಲ್ಲಿ 300 ದಿನ ಓದಲು ಬೆಳಕು ಸಿಗುತ್ತದೆ. ಮಕ್ಕಳು ಲೆಕ್ಕ ಮಾಡಿ ನೋಡಲಿ. ಅಕೋಸೊಂಬೊದ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲನ್ನು ಮೊದಲ ದಶಕಗಳಲ್ಲಿ ಆ ಒಂದು ಕಾರ್ಖಾನೆಯೇ ಕುಡಿಯಿತು, ಅದೂ ದೀರ್ಘ ಒಪ್ಪಂದದ ಅಗ್ಗದ ದರದಲ್ಲಿ. ಘಾನಾದಲ್ಲಿ ಬಾಕ್ಸೈಟ್ ಅದಿರು ಧಾರಾಳವಾಗಿದ್ದರೂ ಕಾರ್ಖಾನೆಗೆ ಅಲ್ಯೂಮಿನಾ ಬಂದದ್ದು ಹಡಗಿನಲ್ಲಿ, ಹೊರದೇಶದಿಂದ! ನಮ್ಮ ಭದ್ರಾವತಿಯೊಂದಿಗೆ ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೈಗೆತ್ತಿಕೊಂಡ ಆ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದಿರು ನಮ್ಮ ಬೆಟ್ಟದ್ದು, ಇದ್ದಿಲು ನಮ್ಮ ಕಾಡಿನದು. ಕಾಡು ಕರಗಿತು ಎಂಬ ಮಾತೂ ಇದೆ, ಅದನ್ನೂ ಮರೆಯಬಾರದು.

ಅಕೋಸೊಂಬೊ ಕಟ್ಟೆಯ ಹಿಂದೆ ನಿಂತ ನೀರು ಸುಮಾರು 8,500 ಚದರ ಕಿಲೋಮೀಟರ್. ಮಂಡ್ಯ ಜಿಲ್ಲೆಯಂಥ ಜಿಲ್ಲೆಯೊಂದು ಇಡಿಯಾಗಿ ಮುಳುಗಿ ಇನ್ನೂ ನೀರು ಮಿಗುವಷ್ಟು. ಸುಮಾರು 80,000 ಜನ ಮನೆಮಠ ಬಿಟ್ಟರು. 1966ರ ಜನವರಿಯಲ್ಲಿ ಎನ್‌ಕ್ರುಮಾ ಉದ್ಘಾಟನೆ ಮಾಡಿದರು. ಸುಮಾರು ಒಂದು ತಿಂಗಳ ನಂತರ, ಫೆಬ್ರವರಿ 24ರಂದು, ಅವರು ಚೀನಾ ಪ್ರವಾಸದಲ್ಲಿದ್ದಾಗ ಸೈನ್ಯ ಅವರನ್ನು ಪದಚ್ಯುತಗೊಳಿಸಿತು. ಮತ್ತೆ ತಾಯ್ನಾಡನ್ನು ನೋಡಲಿಲ್ಲ. 1972ರಲ್ಲಿ ಪರದೇಶದಲ್ಲಿ ತೀರಿಕೊಂಡರು.

ಜನ ಬೀದಿಗಿಳಿದು ಸಂತೋಷಪಟ್ಟರು ಎಂಬುದನ್ನೂ ಹೇಳಬೇಕು. ಅಡಿಸ್ ಅಬಾಬಾದಲ್ಲಿ 1963ರಲ್ಲಿ 32 ದೇಶಗಳನ್ನು ಕೂಡಿಸಿ ಆಫ್ರಿಕಾ ಏಕತಾ ಸಂಸ್ಥೆ ಕಟ್ಟಿದವರಲ್ಲಿ ಮುಂಚೂಣಿಯಲ್ಲಿದ್ದ ಅದೇ ಎನ್‌ಕ್ರುಮಾ ತಮ್ಮ ದೇಶದಲ್ಲಿ ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಕಾನೂನು ತಂದರು. 1964ರಲ್ಲಿ ಒಂದೇ ಪಕ್ಷ ಉಳಿಸಿದರು. ಅವರ ಹಳೆಯ ಜೊತೆಗಾರ ಜೆ. ಬಿ. ಡಂಕ್ವಾ ಸೆರೆಮನೆಯಲ್ಲಿಯೇ ಸತ್ತರು. ಐಕ್ಯವನ್ನು ಬೀಗ ಹಾಕಿ ಉಳಿಸಹೊರಟದ್ದು ಅವರ ದೊಡ್ಡ ತಪ್ಪು. ಕೆಂಗಲ್ ಹನುಮಂತಯ್ಯನವರು ಸದನದಲ್ಲಿ ವಾದ ಮಾಡಿ, ಕುರ್ಚಿ ಕಳೆದುಕೊಂಡು ಮನೆಗೆ ಹೋದರು, ರಾಜ್ಯ ಉಳಿಯಿತು.

ಕಟ್ಟೆ ಮಾತ್ರ ಅಲ್ಲೂ ನಿಂತಿತು. 1972ರಿಂದ ನೆರೆಯ ಟೋಗೋ, ಬೆನಿನ್ ದೇಶಗಳಿಗೂ ಅದರ ವಿದ್ಯುತ್ ಹೋಯಿತು. ಘಾನಾದ ಸ್ವಂತ ಉತ್ತರ ಭಾಗಕ್ಕೆ ಆ ತಂತಿ ಮುಟ್ಟಿದ್ದು 1980ರ ದಶಕದ ಕೊನೆಗೆ.

ನಾವು ನಗುವ ಹಾಗಿಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ರಾಜ್ಯಕ್ಕೆಲ್ಲ ಬೆಳಕು ಬಂತು. ಮುಳುಗಡೆಯವರಲ್ಲಿ ಅನೇಕರು ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಹಿನ್ನೀರಿನಾಚೆಯ ತುಮರಿ ಸೀಮೆಯವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಬಸುರಿಯನ್ನು ಆಸ್ಪತ್ರೆಗೆ ಒಯ್ಯುವುದಿದ್ದರೂ ಲಾಂಚಿಗೆ ಕಾಯಬೇಕಾಗಿತ್ತು. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿದ್ದವು. ಅತ್ಯಂತ ಹಿಂದುಳಿದ 39ರಲ್ಲಿ ಹೆಚ್ಚಿನವು ಉತ್ತರದವು. ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ವಿಧಿಯ ವಿಶೇಷ ಸ್ಥಾನ ಸಂವಿಧಾನದಲ್ಲಿ ಸೇರಲು 2012 ಬರಬೇಕಾಯಿತು, ಏಕೀಕರಣವಾಗಿ 56 ವರ್ಷ. ಹಣವೆಲ್ಲ ಉತ್ತರಕ್ಕೆ ಹರಿದೀತು ಎಂದು 1956ರಲ್ಲಿ ಅಳುಕಿದವರು ಈ ಅಂಕಿಗಳನ್ನು ನೋಡಿದ್ದರೆ ಏನು ಹೇಳುತ್ತಿದ್ದರೋ!

ಹರಿದದ್ದು ಹೆಚ್ಚಾಗಿ ಬೆಂಗಳೂರಿಗೆ, ಅದರಲ್ಲೂ ನಗರದ ಪೂರ್ವ ಭಾಗಕ್ಕೆ. 1940ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ವಾಲ್‌ಚಂದ್ ಹೀರಾಚಂದರು ವಿಮಾನದ ಕಾರ್ಖಾನೆ ತೆರೆದರು. ಸಂಸ್ಥಾನ ಭೂಮಿ ಕೊಟ್ಟು ಪಾಲುದಾರನಾಯಿತು. ಅದೇ ಎಚ್‌ಎಎಲ್. 1948ರಲ್ಲಿ ಕೃಷ್ಣರಾಜಪುರದ ಕಡೆ ಐಟಿಐ ಬಂತು. ಹಳೇ ಮದರಾಸು ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರುಗಳನ್ನು ತಯಾರಿಸುವ ಎನ್‌ಜಿಇಎಫ್ ಬಂತು, ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಸೈರನ್ನಿಗೆ ಎದ್ದು ಬುತ್ತಿ ಕಟ್ಟಿಕೊಂಡು ಸೈಕಲ್ಲೇರುತ್ತಿದ್ದ ಕಾಲ ಹಲಸೂರು ಸೀಮೆಯಲ್ಲಿ ಹಾಗೆ ನಡೆಯಿತು.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮೊದಲ ದೀಪ ಹತ್ತಿದ ಊರಿನಲ್ಲಿ ಈಗ ಹೊಟ್ಟೆಪಾಡಿಗೆ ಕೆಲಸವಿಲ್ಲ. ನಸುಕಿನಲ್ಲಿ ಮಾರಿಕುಪ್ಪಂನಿಂದ ಹೊರಡುವ ರೈಲುಗಳಲ್ಲಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ನಿಂತುಕೊಂಡೇ ಬರುತ್ತಾರೆ. ಬಂಗಾರಪೇಟೆ, ವೈಟ್‌ಫೀಲ್ಡ್, ಕೃಷ್ಣರಾಜಪುರ, ಬೈಯಪ್ಪನಹಳ್ಳಿ. ಒಂದೊಂದು ನಿಲ್ದಾಣದಲ್ಲೂ ಒಂದಷ್ಟು ಜನ ಇಳಿದು ಅಂಗಡಿ, ಆಫೀಸು, ಕಟ್ಟಡ ಕೆಲಸಗಳ ಕಡೆಗೆ ಚದುರುತ್ತಾರೆ. ಕತ್ತಲಾದ ಮೇಲೆ ಜೋಗುಪಾಳ್ಯದ ಮನೆಗಳಲ್ಲಿ ಮಕ್ಕಳು ಓದಲು ಕುಳಿತಿರುವ ಹೊತ್ತಿಗೆ, ಅವರು ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ವಾಪಸು ಹೋಗುವ ಗಾಡಿಗಾಗಿ ಕಾಯುತ್ತಿರುತ್ತಾರೆ.