ಸೋತವರ ನೋಟಿನ ಬೆನ್ನ ಮೇಲೆ ಗೆದ್ದವರ ಅಂಚೆಚೀಟಿ

ಹಳೆಯ ನೋಟು ಸಂಗ್ರಹಿಸುವವರಲ್ಲಿ ಎರಡು ಬಗೆ. ನೋಟಿನ ಅಂದ ನೋಡಿ ಕೊಳ್ಳುವವರು ಒಂದು ಬಗೆಯಾದರೆ, ಅದರ ಹಿಂದಿನ ಕಥೆ ನೋಡಿ ಕೊಳ್ಳುವವರು ಇನ್ನೊಂದು ಬಗೆ. ಬಾಲ್ಟಿಕ್ ಸಮುದ್ರದ ದಂಡೆಯ ಪುಟ್ಟ ದೇಶ ಲಾಟ್ವಿಯಾ 1919ರಿಂದ 1922ರವರೆಗೆ ಹೊರಡಿಸಿದ ನೋಟುಗಳು ಈ ಎರಡನೆಯ ಬಗೆಯವರಿಗೆ ಹೇಳಿ ಮಾಡಿಸಿದಂತಿವೆ. ಆಗಷ್ಟೇ ಹುಟ್ಟಿದ ದೇಶವೊಂದು ತನ್ನ ಮಾತನ್ನು ಜನ ನಂಬುವಂತೆ ಮಾಡಲು ಪಟ್ಟ ಪಾಡೆಲ್ಲ ಈ ಕಾಗದಗಳಲ್ಲಿ ದಾಖಲಾಗಿದೆ.

ಲಾಟ್ವಿಯಾ ಬಹುಕಾಲ ರಷ್ಯಾದ ಚಕ್ರವರ್ತಿಗಳ ಆಳ್ವಿಕೆಯಲ್ಲಿತ್ತು. ಮೊದಲ ಮಹಾಯುದ್ಧದಲ್ಲಿ ಅಲ್ಲಿಗೆ ಜರ್ಮನ್ ಸೇನೆ ನುಗ್ಗಿತು. ಯುದ್ಧ ಮುಗಿದ ಒಂದೇ ವಾರದಲ್ಲಿ, 1918ರ ನವೆಂಬರ್ 18ರಂದು, ರೀಗಾ ನಗರದ ನಾಟಕಶಾಲೆಯೊಂದರಲ್ಲಿ ಸ್ವಾತಂತ್ರ್ಯದ ಘೋಷಣೆಯಾಯಿತು. ಕಾರ್ಲಿಸ್ ಉಲ್ಮಾನಿಸ್ ಪ್ರಧಾನಿಯಾದರು. ದೇಶವೇನೋ ಹುಟ್ಟಿತು, ಆದರೆ ಅದಕ್ಕೆ ಸ್ವಂತ ಹಣವಿರಲಿಲ್ಲ. ಸಂತೆಯಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದುದು ಪರರ ಹಣ. ಚಕ್ರವರ್ತಿಯ ಕಾಲದ ರೂಬಲ್ ಒಂದೆಡೆ. ಅವನ ಪತನದ ನಂತರ ಬಂದ ಕೆರೆನ್‌ಸ್ಕಿ ಸರ್ಕಾರದ 20 ಮತ್ತು 40 ರೂಬಲ್‌ಗಳ ಪುಟಾಣಿ ಚೀಟಿ ಇನ್ನೊಂದೆಡೆ. ಜರ್ಮನ್ ಸೇನೆ ತಾನು ಗೆದ್ದ ನಾಡುಗಳಿಗಾಗಿಯೇ ಅಚ್ಚುಹಾಕಿಸಿದ ಓಸ್ಟ್‌ರೂಬಲ್, ಓಸ್ಟ್‌ಮಾರ್ಕ್‌ಗಳು ಮತ್ತೊಂದೆಡೆ. ಕೆರೆನ್‌ಸ್ಕಿ ಚೀಟಿಗೆ ಸಹಿಯೂ ಇರಲಿಲ್ಲ, ಕ್ರಮಸಂಖ್ಯೆಯೂ ಇರಲಿಲ್ಲ.

ಒಂದು ವರ್ಷ, ಮೂರು ಹಣ

1919 ಲಾಟ್ವಿಯಾದ ಪಾಲಿಗೆ ಅಗ್ನಿಪರೀಕ್ಷೆಯ ವರ್ಷ. ಜನವರಿಯ ಆರಂಭದಲ್ಲೇ ಬೋಲ್ಷೆವಿಕರು ರೀಗಾವನ್ನು ಹಿಡಿದರು. ಉಲ್ಮಾನಿಸ್ ಸರ್ಕಾರ ಪಶ್ಚಿಮದ ಬಂದರು ಲಿಯೆಪಾಯಾಕ್ಕೆ ಓಡಬೇಕಾಯಿತು. ಅಲ್ಲಿದ್ದಾಗಲೇ, ಮಾರ್ಚ್ 22ರಂದು, ಸ್ವಂತ ನೋಟು ಹೊರಡಿಸುವ ಅಧಿಕಾರವನ್ನು ಹಣಕಾಸು ಸಚಿವರಿಗೆ ನೀಡಲಾಯಿತು. ‘ಲಾಟ್ವಿಯಾ ರೂಬ್ಲಿಸ್’ ಹುಟ್ಟಿದ್ದು ಹೀಗೆ. ಇದಾಗಿ ತಿಂಗಳು ತುಂಬುವ ಮೊದಲೇ ಜರ್ಮನರ ಬೆಂಬಲದ ಪಡೆಗಳು ಲಿಯೆಪಾಯಾದಲ್ಲಿ ದಂಗೆ ಎದ್ದವು. ಸರ್ಕಾರ ಬಂದರಿನಲ್ಲಿದ್ದ ‘ಸರಾತೊವ್’ ಎಂಬ ಹಡಗನ್ನೇರಿ ಆಶ್ರಯ ಪಡೆಯಿತು. ನೆಲದ ಮೇಲೆ ನಿಲ್ಲಲು ಜಾಗವಿಲ್ಲದ ಸರ್ಕಾರದ ಹೆಸರಿನಲ್ಲಿ ನೋಟು!

ಇತ್ತ ರೀಗಾದಲ್ಲಿ ಪೆಟೆರಿಸ್ ಸ್ಟುಚ್ಕಾ ನೇತೃತ್ವದ ಬೋಲ್ಷೆವಿಕ್ ಆಡಳಿತವಿತ್ತು. ಅಲ್ಲಿನ ಕಾರ್ಮಿಕ ಪ್ರತಿನಿಧಿಗಳ ಸೋವಿಯತ್ತು ತನ್ನದೇ ರೂಬಲ್ ಚೀಟಿಗಳನ್ನು ಅಚ್ಚುಹಾಕಿಸಿತು. ಮೇ 22ರಂದು ರೀಗಾ ಅದರ ಕೈತಪ್ಪಿತು. ಅಷ್ಟರಲ್ಲಿ ಮೂರನೆಯವನೊಬ್ಬ ತಲೆ ಎತ್ತಿದ. ರಷ್ಯನ್ ಮತ್ತು ಜರ್ಮನ್ ಸೈನಿಕರ ಮಿಶ್ರ ಪಡೆ ಕಟ್ಟಿದ್ದ ಪಾವೆಲ್ ಬೆರ್ಮೊಂಟ್-ಅವಾಲೊವ್ ಅಕ್ಟೋಬರ್ 8ರಂದು ರೀಗಾದ ಮೇಲೆ ದಾಳಿ ಮಾಡಿದ. ಅದೇ ತಿಂಗಳು ಅವನ ಸೇನೆಯೂ ಸ್ವಂತ ಮಾರ್ಕ್ ನೋಟುಗಳನ್ನು ಹೊರಡಿಸಿತು. ನವೆಂಬರ್ 11ರಂದು ಲಾಟ್ವಿಯನ್ನರು ಅವನನ್ನು ರಾಜಧಾನಿಯಿಂದ ಹಿಮ್ಮೆಟ್ಟಿಸಿದರು.

ಒಂದೇ ವರ್ಷ, ಒಂದೇ ನೆಲ, ಮೂರು ಅಧಿಕಾರ, ಮೂರು ಬಗೆಯ ಕಾಗದ. ಚೀಲ ಹೊತ್ತು ಸಂತೆಗೆ ಬಂದ ರೈತನ ಸ್ಥಿತಿ ಹೇಗಿದ್ದೀತು? ಇಂದು ಪಡೆದ ನೋಟು ಮುಂದಿನ ಸಂತೆಯ ಹೊತ್ತಿಗೆ ರದ್ದಿ ಕಾಗದವಾದರೆ ಅವನ ಬೆವರಿಗೆ ಬೆಲೆ ಕೊಡುವವರು ಯಾರೂ ಇಲ್ಲ. ಯಾವ ನೋಟನ್ನು ಪಡೆಯಬೇಕು, ಯಾವುದನ್ನು ಬೇಡವೆನ್ನಬೇಕು ಎಂಬ ಅವನ ತೀರ್ಮಾನವೂ ಒಂದು ಬಗೆಯ ಮತದಾನವೇ ಆಗಿತ್ತು.

ಈ ಪೈಪೋಟಿಯ ಫಲಿತಾಂಶವನ್ನು ಹೇಳುವ ವಸ್ತು ಸಿಗುವುದು ನೋಟಿನ ಆಲ್ಬಮ್ಮಿನಲ್ಲಿ ಅಲ್ಲ, ಅಂಚೆಚೀಟಿಯ ಆಲ್ಬಮ್ಮಿನಲ್ಲಿ. ಹೊಸ ದೇಶದಲ್ಲಿ ಕಾಗದಕ್ಕೆ ತೀರದ ಬರ. 1918ರ ಡಿಸೆಂಬರ್‌ನಲ್ಲಿ ಬಂದ ಲಾಟ್ವಿಯಾದ ಮೊಟ್ಟಮೊದಲ ಅಂಚೆಚೀಟಿ ಅಚ್ಚಾದದ್ದು ಜರ್ಮನ್ ಸೇನೆ ಬಿಟ್ಟುಹೋದ ಯುದ್ಧನಕಾಶೆಗಳ ಹಿಂಬದಿಯಲ್ಲಿ. 1920ರಲ್ಲಿ ರೆಡ್‌ಕ್ರಾಸ್ ಸಹಾಯಾರ್ಥ ಚೀಟಿಗಳನ್ನು ತರುವಾಗ ಬಳಕೆಯಾದದ್ದು ಸೋತವರ ನೋಟು. ಬೋಲ್ಷೆವಿಕರ ಮತ್ತು ಬೆರ್ಮೊಂಟ್‌ನ ಅರೆಬರೆ ಮುದ್ರಿತ ನೋಟಿನ ಹಾಳೆಗಳ ಖಾಲಿ ಬದಿಯ ಮೇಲೆ ಅಂಚೆಚೀಟಿ ಅಚ್ಚಾಯಿತು. ಆ ಚೀಟಿಯನ್ನು ತಿರುಗಿಸಿ ನೋಡಿದರೆ ಹಿಂದೆ ನೋಟಿನ ತುಣುಕೊಂದು ಕಾಣುತ್ತದೆ. ನೋಟು ಸಂಗ್ರಾಹಕರೂ ಅಂಚೆಚೀಟಿ ಸಂಗ್ರಾಹಕರೂ ಒಂದೇ ವಸ್ತುವಿಗೆ ಕೈಚಾಚುವ ಅಪರೂಪದ ಸಂದರ್ಭವಿದು.

ನೋಟನ್ನು ಓದುವುದು ಹೇಗೆ?

ಲಾಟ್ವಿಯಾ ರೂಬ್ಲಿಸ್ 1ರಿಂದ 500ರವರೆಗಿನ ಮುಖಬೆಲೆಗಳಲ್ಲಿ ಬಂದಿತು. ಇವು ಬ್ಯಾಂಕಿನ ನೋಟುಗಳಲ್ಲ, ಖಜಾನೆ ಚೀಟಿಗಳು ಎಂಬುದನ್ನು ಮೊದಲು ಗಮನಿಸಬೇಕು. ದೇಶಕ್ಕೆ ಆಗಿನ್ನೂ ಕೇಂದ್ರ ಬ್ಯಾಂಕೇ ಇರಲಿಲ್ಲ. ಅವುಗಳ ಮೇಲಿರುವುದು ಹಣಕಾಸು ಸಚಿವರ ಸಹಿ. ಸಚಿವರು ಬದಲಾದಂತೆ ಸಹಿಯೂ ಬದಲಾಯಿತು; ಆದ್ದರಿಂದ ಒಂದೇ ಮುಖಬೆಲೆಯ ನೋಟು ಬೇರೆ ಬೇರೆ ಸಹಿಗಳಲ್ಲಿ ಸಿಗುತ್ತದೆ. ಸಹಿ ಮತ್ತು ಸರಣಿಯ ಅಕ್ಷರ ಎರಡನ್ನೂ ನೋಡಿಯೇ ಸಂಗ್ರಾಹಕರು ಬೆಲೆ ಕಟ್ಟುತ್ತಾರೆ.

ಕಾಗುಣಿತವೂ ಇತಿಹಾಸ ಹೇಳುತ್ತದೆ. ಮೊದಲ ನೋಟುಗಳಲ್ಲಿ ದೇಶದ ಹೆಸರು ಜರ್ಮನ್ ಪದ್ಧತಿಯಂತೆ ‘ಡಬ್ಲ್ಯೂ’ ಅಕ್ಷರ ಹಾಕಿ ಅಚ್ಚಾಗಿದೆ. ಮುಂದೆ ಬರವಣಿಗೆಯ ಸುಧಾರಣೆಯಾಗಿ ಆ ಜಾಗಕ್ಕೆ ‘ವಿ’ ಬಂದಿತು. ನೋಟುಗಳ ಚಿತ್ರಕಲೆಯ ಹಿಂದೆ ರಿಹಾರ್ಡ್ಸ್ ಜಾರಿನ್ಷ್ ಎಂಬ ಕಲಾವಿದನ ಹೆಸರು ಮುಖ್ಯ. ಪೀಟರ್ಸ್‌ಬರ್ಗಿನಲ್ಲಿ ಚಕ್ರವರ್ತಿಯ ಮುದ್ರಣಾಲಯಕ್ಕಾಗಿ ದುಡಿದು ಪಳಗಿದ್ದ ಅದೇ ಕೈ ಈಗ ಸ್ವಂತ ನಾಡಿನ ನೋಟಿಗೆ ರೂಪ ಕೊಟ್ಟಿತು.

1920ರ ಮಾರ್ಚ್ 18ರಿಂದ ರೂಬ್ಲಿಸ್ ಒಂದೇ ಅಧಿಕೃತ ಹಣವಾಯಿತು. ಆದರೂ ಬೆಲೆ ಕುಸಿತ ತಪ್ಪಲಿಲ್ಲ. 1922ರ ಆಗಸ್ಟ್‌ನಲ್ಲಿ ಚಿನ್ನದ ಆಧಾರವುಳ್ಳ ಹೊಸ ನಾಣ್ಯ ‘ಲಾಟ್ಸ್’ ಬಂದಿತು. ಒಂದು ಲಾಟ್ಸ್‌ಗೆ 0.2903226 ಗ್ರಾಂ ಚಿನ್ನ. 50 ರೂಬ್ಲಿಸ್‌ಗೆ ಒಂದು ಲಾಟ್ಸ್. ಅದೇ ವರ್ಷ ಲಾಟ್ವಿಯಾ ಬ್ಯಾಂಕ್ ಸ್ಥಾಪನೆಯಾಯಿತು. ಹೊಸ ನೋಟು ಸಿದ್ಧವಾಗುವ ತನಕ ಕಾಯದೆ, 500 ರೂಬ್ಲಿಸ್ ನೋಟಿನ ಮೇಲೆಯೇ ‘10 ಲಾಟ್ಸ್’ ಎಂದು ಮತ್ತೊಮ್ಮೆ ಅಚ್ಚೊತ್ತಿ ಬಿಡುಗಡೆ ಮಾಡಲಾಯಿತು. ಲೆಕ್ಕವೂ ಸರಿಹೋಗುತ್ತದೆ: ಐನೂರನ್ನು ಐವತ್ತರಿಂದ ಭಾಗಿಸಿದರೆ ಹತ್ತು. ಹಳೆಯ ಹಣ ಹೊಸ ಹಣವಾದ ಗಳಿಗೆ ಒಂದೇ ಕಾಗದದ ಮೇಲೆ ಉಳಿದಿರುವ ಈ ನೋಟನ್ನು ಸಂಗ್ರಾಹಕರು ಬಹಳವಾಗಿ ಮೆಚ್ಚುತ್ತಾರೆ.

ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುವವರು ಕೆಲವು ಎಚ್ಚರಿಕೆ ವಹಿಸಬೇಕು. ಹಳೆಯ ನೋಟನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಹರಿದಲ್ಲಿ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಟ್ ಮಾಡಿಸುವುದು ಕೂಡದು. ಬೆಲೆಯೂ ಹೋಗುತ್ತದೆ, ನೋಟೂ ಹೋಗುತ್ತದೆ. ಪಿವಿಸಿ ಲಕೋಟೆಗಳು ಕಾಲಕ್ರಮೇಣ ಕಾಗದವನ್ನು ಕೆಡಿಸುತ್ತವೆ. ಕೊಳ್ಳುವ ಮುನ್ನ ನೋಟನ್ನು ಬೆಳಕಿಗೆ ಹಿಡಿದು ನೋಡಬೇಕು. ಮುಚ್ಚಿಟ್ಟ ತೂತು, ತೇಪೆಗಳೆಲ್ಲ ಆಗ ಬಯಲಾಗುತ್ತವೆ. ಮೇಲೆ ಮತ್ತೆ ಅಚ್ಚೊತ್ತಿದ ನೋಟುಗಳಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಅಸಲಿ ನೋಟಿನ ಮೇಲೆ ನಕಲಿ ಅಚ್ಚು ಹಾಕುವುದು ಈ ಪೇಟೆಯ ಹಳೆಯ ಮೋಸ.

ಎರಡನೆಯ ಹುಟ್ಟು

ಲಾಟ್ಸ್‌ನ ಮೊದಲ ಆಯುಷ್ಯ ದೀರ್ಘವಾಗಲಿಲ್ಲ. 1940ರಲ್ಲಿ ಸೋವಿಯತ್ ಸೇನೆ ದೇಶವನ್ನು ಆಕ್ರಮಿಸಿತು. 1941ರ ಮಾರ್ಚ್ 25ರಂದು ಲಾಟ್ಸ್ ರದ್ದಾಯಿತು. ಆದರೂ ಐದು ಲಾಟ್ಸ್‌ನ ಬೆಳ್ಳಿ ನಾಣ್ಯವನ್ನು ಎಷ್ಟೋ ಮನೆಗಳವರು ಬಚ್ಚಿಟ್ಟುಕೊಂಡರು. ಹೆಂಗಸರು ಅದನ್ನು ಪದಕದಂತೆ ಮಾಡಿಸಿ ಧರಿಸಿದ್ದೂ ಉಂಟು.

1991ರಲ್ಲಿ ಮತ್ತೆ ಸ್ವತಂತ್ರವಾದ ಲಾಟ್ವಿಯಾ ತನ್ನ ಹಳೆಯ ಹಾದಿಯನ್ನೇ ತುಳಿದದ್ದು ಕುತೂಹಲಕರ. ಈ ಸಲವೂ ಮೊದಲು ಬಂದದ್ದು ತಾತ್ಕಾಲಿಕ ರೂಬ್ಲಿಸ್. 1992ರ ಮೇ 7ರಂದು. ಕೇಂದ್ರ ಬ್ಯಾಂಕಿನ ಅಧ್ಯಕ್ಷ ಐನಾರ್ಸ್ ರೆಪ್ಷೆ ಅವರ ಹೆಸರು ಹಿಡಿದು ಜನ ಅದನ್ನು ‘ರೆಪ್ಷಿಕ್’ ಎಂದು ಗೇಲಿ ಮಾಡಿದರು. 1993ರ ಮಾರ್ಚ್‌ನಲ್ಲಿ ಲಾಟ್ಸ್ ಮರಳಿತು. 200 ರೂಬ್ಲಿಸ್‌ಗೆ ಒಂದು ಲಾಟ್ಸ್ ಎಂಬುದು ಈ ಸಲದ ಲೆಕ್ಕ. ಮೊದಲ ನೋಟಿನ ಮೇಲೆ ಓಕ್ ಮರದ ಚಿತ್ರ. ಕೈಯಲ್ಲಿ ಹೆಚ್ಚು ಹಣವಿಲ್ಲದವರು 1992ರ ಸಣ್ಣ ಮುಖಬೆಲೆಯ ರೆಪ್ಷಿಕ್‌ಗಳಿಂದಲೇ ಸಂಗ್ರಹ ಆರಂಭಿಸಬಹುದು.

2014ರ ಜನವರಿ 1ರಂದು ಲಾಟ್ವಿಯಾ ಯೂರೋ ಬಳಕೆಗೆ ಬದಲಾಯಿತು. ಆದರೆ ಈ ಬಾರಿ ಹಳೆಯ ಹಣ ಇದ್ದವರು ಕೈಸುಟ್ಟುಕೊಳ್ಳಲಿಲ್ಲ. 1993ರ ನಂತರದ ಲಾಟ್ಸ್ ನೋಟನ್ನು ಇಂದಿಗೂ ಲಾಟ್ವಿಯಾ ಬ್ಯಾಂಕಿಗೆ ಕೊಟ್ಟು, 0.702804 ಲಾಟ್ಸ್‌ಗೆ ಒಂದು ಯೂರೋದಂತೆ ಬದಲಾಯಿಸಿಕೊಳ್ಳಬಹುದು. ಇದಕ್ಕೆ ಗಡುವು ಇಲ್ಲ. ಸಂಗ್ರಾಹಕನ ಆಲ್ಬಮ್ಮಿನಲ್ಲಿ 1919ರ ಖಜಾನೆ ಚೀಟಿಯ ಪಕ್ಕದ ಪುಟದಲ್ಲಿ ಕುಳಿತ ಆ ಓಕ್ ಮರದ ನೋಟು ಇನ್ನೂ ಹಣವೇ.